ಸರಾಸರಿ ಆಯುಸ್ಸು 69.4 ಅಂದ್ರೆ ರಿಟೈರ್ ಆದಮೇಲೆ ಬರೀ 10 ವರ್ಷವಾ?

ಪ್ರಶ್ನೆ: ಎಸ್‌ಆರ್‌ಎಸ್ (ಸರ್ಕಾರದ ಜನನ-ಮರಣ ಮಾದರಿ ಸಮೀಕ್ಷೆ) 2014-18ರ ಕೋಷ್ಟಕದಲ್ಲಿ ಭಾರತದ ಸರಾಸರಿ ಜೀವಿತಾವಧಿ 69.4 ಅಂತಿದೆ. 60ಕ್ಕೆ ನಿವೃತ್ತಿ ಆಗೋರು 10 ವರ್ಷದ ಖರ್ಚಿಗೆ ದುಡ್ಡು ಎತ್ತಿಟ್ಟರೆ ಸಾಕಾ? ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ‘ಆರೋಗ್ಯವಂತ ಆಯುಸ್ಸು’ 60.3. 60 ದಾಟಿದ ಕೂಡಲೇ ಹಾಸಿಗೆ ಹಿಡೀತಾರೆ ಅಂತಲಾ?

ಉತ್ತರ 1: ಸಾಲಲ್ಲ. 69.4 ಇರೋದು ಆಗ ತಾನೇ ಹುಟ್ಟಿದ ಕೂಸಿಗೆ. ಹತ್ತು ಮಕ್ಕಳಲ್ಲಿ ಒಂದು ಹುಟ್ಟುತ್ತಲೇ ಹೋಯ್ತು, ಒಂಬತ್ತು 75ರವರೆಗೆ ಬದುಕಿದವು ಅಂದ್ಕೊಳ್ಳಿ. ಸರಾಸರಿ 67.5. ಆ ವಯಸ್ಸಿಗೆ ಸತ್ತವರು ಒಬ್ಬರೂ ಇಲ್ಲ! ಅದೇ ಕೋಷ್ಟಕದಲ್ಲಿ 60ರ ಸಾಲು ನೋಡಿ: ಇನ್ನೂ ಸುಮಾರು 18 ವರ್ಷ. ಅದೂ ಸರಾಸರಿಯೇ, ಹೆಚ್ಚುಕಮ್ಮಿ ಅರ್ಧ ಜನ ದಾಟ್ತಾರೆ. ಹೆಂಗಸರಿಗೆ ಇನ್ನೂ ಜಾಸ್ತಿ. 90ರ ತನಕ ಲೆಕ್ಕ ಹಾಕಿ.

ಉತ್ತರ 2: 60.3 ಅನ್ನೋದು ವಯಸ್ಸೇ ಅಲ್ಲ, ಪೂರ್ತಿ ಆರೋಗ್ಯದಲ್ಲಿ ಕಳೆಯೋ ವರ್ಷಗಳ ಮೊತ್ತ. ಅದೇ ವರ್ಷದ ಒಟ್ಟು ಆಯುಸ್ಸು 70.8. ನಡುವಿನ ಹತ್ತೂವರೆ ವರ್ಷ ಬದುಕಿನ ಉದ್ದಕ್ಕೂ ಚೆಲ್ಲಿಕೊಂಡಿರುತ್ತೆ: ಮಗುವಿನ ರಕ್ತಹೀನತೆ, ಮೂವತ್ತರ ಬೆನ್ನುನೋವು, ಖಿನ್ನತೆ, ಕಣ್ಣಿನ ಪೊರೆ. ಕಾಯಿಲೆ ಎಷ್ಟು ಜೋರೋ ಅಷ್ಟು ಕಳೀತಾರೆ.

60ರ ನಂತರ ಆರೋಗ್ಯದ ವರ್ಷ ಎಷ್ಟು ಅಂತ ನೀವೇ ಲೆಕ್ಕ ಮಾಡೋದಾದ್ರೆ 1971ರ ಸಲ್ಲಿವನ್ ವಿಧಾನ (ಬದುಕಿದ ವರ್ಷಗಳಿಂದ ಅನಾರೋಗ್ಯದ ಪಾಲು ಕಳೆಯೋದು) ಸುಲಭ. 60-64ರ ಗುಂಪು ಒಟ್ಟು 4,00,000 ವರ್ಷ ಬದುಕಿದೆ, ಅದರಲ್ಲಿ ಶೇ 20 ಮಂದಿಗೆ ಆರೋಗ್ಯವಿಲ್ಲ ಅಂತಿಟ್ಟುಕೊಳ್ಳಿ, ಉಳಿಯೋದು 3,20,000. ಹೀಗೇ ಮೇಲಿನ ಎಲ್ಲ ಗುಂಪುಗಳದ್ದೂ ಕೂಡಿ, 60ರಲ್ಲಿ ಬದುಕಿದ್ದವರ ಸಂಖ್ಯೆಯಿಂದ ಭಾಗಿಸಿ. ಅಭ್ಯಾಸಬಲದಿಂದ, ಕೋಷ್ಟಕದ ಮೊದಲ ಸಾಲಲ್ಲಿರೋ ಹುಟ್ಟಿದ 1,00,000 ಮಕ್ಕಳ ಸಂಖ್ಯೆಯಿಂದ ಭಾಗಿಸಿದ್ರೆ ಉತ್ತರ ಕಮ್ಮಿ ಬರುತ್ತೆ.

ಪ್ರಶ್ನೆ ಕೇಳಿದವರು: ಆರೋಗ್ಯವಿಲ್ಲದವರ ಆ ಶೇಕಡಾವಾರು ಎಲ್ಲಿಂದ ತರೋದು? ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದ್ರೆ ಎನ್‌ಎಸ್‌ಎಸ್ ಸಮೀಕ್ಷೆ ಆಗುತ್ತಾ?

ಉತ್ತರ 3: ಅಲ್ಲೇ ಎಡವೋದು. ಎನ್‌ಎಸ್‌ಎಸ್ ಕೇಳೋದು ‘ಕಳೆದ 15 ದಿನದಲ್ಲಿ ಕಾಯಿಲೆ ಇತ್ತಾ’ ಅಂತ. 2014-18ರ ಕೋಷ್ಟಕದಲ್ಲಿ 75.3ರ ಆಯುಸ್ಸಿನ ಕೇರಳವೇ ಕಾಯಿಲೆ ಹೇಳಿಕೊಳ್ಳೋದರಲ್ಲೂ ಮುಂದು. ಬಿಹಾರ ಬಹಳ ಹಿಂದೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿಸಿಕೊಳ್ಳದವರಿಗೆ ಸಮೀಕ್ಷೆಯ ಲೆಕ್ಕದಲ್ಲಿ ಬಿಪಿಯೇ ಇರಲ್ಲ ನೋಡಿ. ಇದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಕೂಡ ಎತ್ತಿ ತೋರಿಸಿದ್ದಾರೆ.

ವಯಸ್ಸಾಗುತ್ತಿರುವವರ ಬಗೆಗಿನ ‘ಲಾಸಿ’ ಸಮೀಕ್ಷೆ (2017-18) ಇದಕ್ಕಿಂತ ವಾಸಿ. ಸ್ನಾನ, ಊಟ, ಶೌಚ ತಾವೇ ಮಾಡಿಕೊಳ್ತಾರಾ ಅಂತ ಕೇಳಿದ್ದಾರೆ, ಬಿಪಿ, ಕೈಹಿಡಿತದ ಬಲ ಅಳೆದೂ ಇದ್ದಾರೆ. ಆದ್ರೆ ಅದರಲ್ಲಿರೋದು 45 ದಾಟಿದವರ ಲೆಕ್ಕ. ನಿಮ್ಮ 60ರ ಲೆಕ್ಕಕ್ಕೆ ಸಾಕು, ಹುಟ್ಟಿನಿಂದ ಮಾಡೋಕೆ ಹೋಗ್ಬೇಡಿ.