‘ಲೈವ್ ಆಲ್ಬಮ್’ಗೆ ‘ನೇರ’ ಎಂಬ ವಿಶೇಷಣ ಸಲ್ಲುತ್ತದೆಯೇ?

ಬ್ರಿಟನ್ನಿನ ಹಿರಿಯ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಅವರ ‘ಜೆನೆಸಿಸ್ ರಿವಿಸಿಟೆಡ್ ಲೈವ್: ಸೆಕೆಂಡ್ಸ್ ಔಟ್ ಅಂಡ್ ಮೋರ್’ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಲೈವ್ ಆಲ್ಬಮ್’, ಅಂದರೆ ಕೇಳುಗರ ಮುಂದೆ ನಡೆದ ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಹೊರತಂದ ಆಲ್ಬಮ್, ಎಂಬುದಕ್ಕೆ ಒಪ್ಪುವ ಕನ್ನಡ ಮಾತು ಯಾವುದೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಟಿವಿಯವರಿಂದ ಬಳಕೆಗೆ ಬಂದಿರುವ ‘ನೇರ’ ಇಲ್ಲಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಂದ್ಯ ನಡೆಯುತ್ತಿರುವಾಗಲೇ ನಮಗೆ ಕಾಣುವುದರಿಂದ ‘ನೇರ ಪ್ರಸಾರ’ ಸರಿಯಾದ ಮಾತು. ಈ ಆಲ್ಬಮ್ ಆದರೋ 2021ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮುದ್ರಣಗೊಂಡು 2022ರಲ್ಲಿ ಹೊರಬಂದದ್ದು. ಅದು ಮತ್ತೆ ನುಡಿಸಿ ತೋರಿಸುವ ‘ಸೆಕೆಂಡ್ಸ್ ಔಟ್’ ಕೂಡ, ಹ್ಯಾಕೆಟ್ ಜೆನೆಸಿಸ್ ಎಂಬ ರಾಕ್ ತಂಡವನ್ನು ತೊರೆದ 1977ರಲ್ಲೇ, ಬಹುಪಾಲು ಪ್ಯಾರಿಸ್ಸಿನ ಕಾರ್ಯಕ್ರಮಗಳಿಂದ ಆಯ್ದು ಪ್ರಕಟಿಸಿದ ಇಂಥದ್ದೇ ಆಲ್ಬಮ್. ಇಂಥ ಮುದ್ರಿಕೆಗಳಲ್ಲಿ ತಪ್ಪಿದ ಸ್ವರಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದುವ ರೂಢಿಯೂ ಉಂಟು. ಹೀಗಿರುವಾಗ ‘ನೇರ’ ಎಂದರೆ ಓದುಗರಿಗೆ ಯಾವ ಅರ್ಥ ತಲುಪೀತು? ‘ಸಜೀವ’ ಎನ್ನೋಣವೆಂದರೆ ‘ಸಜೀವ ದಹನ’ವೇ ಮೊದಲು ಕಿವಿಗೆ ಬೀಳುತ್ತದೆ.

ಕೇಳುಗರ ಎದುರಿನಲ್ಲಿ ಹಾಡು ಬೆಳೆಯುತ್ತದೆ ಎಂಬ ಭಾವ ಆ ಮಾತಿನಲ್ಲಿ ಇರಲೇಬೇಕು. ಜೆನೆಸಿಸ್ ತಂಡದ ‘ಐ ನೋ ವಾಟ್ ಐ ಲೈಕ್’ ಎಂಬ ಹಾಡು 1973ರ ಸ್ಟುಡಿಯೋ ಮುದ್ರಣದಲ್ಲಿ ಸುಮಾರು ನಾಲ್ಕು ನಿಮಿಷದ್ದು. 1977ರ ಆಲ್ಬಮ್ಮಿನಲ್ಲಿ ಅದೇ ಹಾಡು ಎಂಟು ನಿಮಿಷ ದಾಟುತ್ತದೆ. ಅದೇ ತಂಡದ ‘ಫರ್ತ್ ಆಫ್ ಫಿಫ್ತ್’ ಹಾಡಿನಲ್ಲಿ ಕೊಳಲು ಮೊದಲು ನುಡಿದ ರಾಗವನ್ನು ಹ್ಯಾಕೆಟ್ ಗಿಟಾರಿಗೆ ತೆಗೆದುಕೊಂಡು, ಒಂದೊಂದು ಸ್ವರವನ್ನೂ ನಿಡಿದಾಗಿ ನಿಲ್ಲಿಸಿ ನುಡಿಸುವುದನ್ನು ಕೇಳಿದರೆ, ನಮ್ಮ ಸಂಗೀತಗಾರರು ‘ಕಾರ್ವೆ’ ಎನ್ನುವುದು ತಾನಾಗಿ ನೆನಪಾಗುತ್ತದೆ.

ಆದ್ದರಿಂದ ನನ್ನ ಒಲವು ‘ಕಛೇರಿ ಮುದ್ರಿಕೆ’ಯ ಕಡೆಗಿದೆ. ಆಕಾಶವಾಣಿಯವರು ಆಹ್ವಾನಿತ ಶ್ರೋತೃಗಳ ಮುಂದೆ ಧ್ವನಿಮುದ್ರಿಸಿಕೊಂಡ ಕಛೇರಿಗಳನ್ನು ಮುಂದೊಂದು ದಿನ ಪ್ರಸಾರ ಮಾಡುವ ಪದ್ಧತಿ ಇದೆಯಷ್ಟೆ. ಮುದ್ರಣವಾಗಿದ್ದರೂ ಅದನ್ನು ಕಛೇರಿಯೆಂದೇ ಕರೆಯುತ್ತೇವೆ. ತಾಲೂಕು ಕಛೇರಿಯೊಡನೆ ಗೊಂದಲವಾದೀತೆಂಬ ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಸಂದರ್ಭವೇ ಅದನ್ನು ಬಿಡಿಸುತ್ತದೆ. ಆದರೆ ಮೃದಂಗ, ಪಿಟೀಲುಗಳ ನೆನಪು ತರುವ ಈ ಮಾತನ್ನು ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರುಗಳ ಪ್ರೋಗ್ರೆಸಿವ್ ರಾಕ್ ಸಂಗೀತಕ್ಕೆ ಅನ್ವಯಿಸಿದರೆ ಓದುಗರು ಒಪ್ಪುವರೇ ಎಂಬುದು ನಿಜವಾದ ತೊಡಕು. ‘ವೇದಿಕೆ ಮುದ್ರಿಕೆ’ ಎಂದೂ ಯೋಚಿಸಿದೆ. ಅದರಲ್ಲಿ ವೇದಿಕೆ ಇದೆ, ಕೇಳುಗರಿಲ್ಲ.

‘ರಾಕ್ ಕಛೇರಿ’ ಎಂಬ ಪ್ರಯೋಗವನ್ನು ಕನ್ನಡದ ಪತ್ರಿಕೆಗಳಲ್ಲಾಗಲಿ ಸಂಗೀತ ವಿಮರ್ಶೆಯಲ್ಲಾಗಲಿ ಕಂಡವರು ವಾಕ್ಯಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ಇದಕ್ಕಿಂತ ಒಪ್ಪುವ ಮಾತು ಬಳಕೆಯಲ್ಲಿದ್ದರೆ ಲೇಖನದಲ್ಲಿ ಅದನ್ನೇ ಇಡುತ್ತೇನೆ.