ಕಾರ್ಯಕ್ರಮ ಮುಗಿದ ಮೇಲಿನ ರಾತ್ರಿ

ಪ್ರಶ್ನೆ: ಮಗನಿಗೆ 17 ವರ್ಷ. ಗಿಟಾರ್ ಅಂದರೆ ಪ್ರಾಣ. ಈಗ ಹಳೆಯ ರಾಕ್ ಅಂಡ್ ರೋಲ್ ಹಿಡಿದಿದ್ದಾನೆ. ಬಡ್ಡಿ ಹಾಲಿ, ರಿಚಿ ವಾಲೆನ್ಸ್, ಎಡ್ಡಿ ಕಾಕ್ರನ್. ಮೊನ್ನೆ "ಅಮ್ಮಾ, ಇವರೆಲ್ಲ ಯಾಕೆ ಇಷ್ಟು ಬೇಗ ಸತ್ತರು?" ಅಂತ ಕೇಳಿದ. ಸುಮ್ನೆ "ಹಣೆಬರಹ" ಅಂದುಬಿಟ್ಟೆ. ಮನಸ್ಸಿಗೆ ಸರಿ ಅನ್ನಿಸಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಉತ್ತರ 1: ಅಕ್ಕ, ನಾನು ಹನ್ನೆರಡು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವನು. ನಾನಾಗಿದ್ದರೆ ಹಾಲಿ, ವಾಲೆನ್ಸ್ ಒಟ್ಟಿಗೆ ಊರೂರಿಗೆ ಹಾಡೋಕೆ ಹೋಗುತ್ತಿದ್ದ ಬಸ್ಸಿನ ಕತೆ ಹೇಳುತ್ತಿದ್ದೆ. 1959ರ ಜನವರಿ, ಅಮೆರಿಕದಲ್ಲಿ ಕೊರೆಯುವ ಚಳಿ. ಹೆಚ್ಚುಕಡಿಮೆ ದಿನಕ್ಕೊಂದು ಊರು, ನಡುವೆ ನೂರಾರು ಕಿಲೋಮೀಟರ್. ಬಸ್ಸಿನ ಹೀಟರ್ ಮತ್ತೆ ಮತ್ತೆ ಕೆಡುತ್ತಿತ್ತು. ಡ್ರಮ್ಮರ್ ಕಾರ್ಲ್ ಬಂಚ್ ಪಾದಗಳು ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಿದರು. ಹಾಲಿಗೆ ಸಾಕಾಗಿತ್ತು. ಮುಂದಿನ ಊರಿಗೆ ಬೇಗ ಹೋಗಿ ಒಂದಿಷ್ಟು ನಿದ್ದೆ ಮಾಡಬೇಕು, ಬಟ್ಟೆ ಒಗೆಸಬೇಕು ಅಂತ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಹಾಡಿ ಮುಗಿಸಿದ ಮೇಲೆ ಪುಟ್ಟ ವಿಮಾನ ಬಾಡಿಗೆಗೆ ಹಿಡಿದರು. ಜೊತೆಗಿದ್ದ ಇನ್ನೊಬ್ಬ ಗಾಯಕ ಬಿಗ್ ಬಾಪರ್ ಜ್ವರದಲ್ಲಿದ್ದರು, ಅವರಿಗೆ ಹಾಲಿಯ ತಂಡದ ವೇಲನ್ ಜೆನ್ನಿಂಗ್ಸ್ ತಮ್ಮ ಸೀಟು ಬಿಟ್ಟುಕೊಟ್ಟರು. ವಾಲೆನ್ಸ್‌ಗೆ ಸೀಟು ಸಿಕ್ಕಿದ್ದು ನಾಣ್ಯ ಚಿಮ್ಮಿ. ಫೆಬ್ರವರಿ 3ರ ನಡುರಾತ್ರಿ ಹಾರಿದ ವಿಮಾನ ಕೆಲವೇ ನಿಮಿಷದಲ್ಲಿ ಹೊಲಕ್ಕೆ ಬಿತ್ತು. ಹಾಲಿಗೆ 22, ಬಾಪರ್‌ಗೆ 28. ವಾಲೆನ್ಸ್‌ಗೆ ನಿಮ್ಮ ಮಗನ ವಯಸ್ಸು. ಪೈಲಟ್‌ಗೂ 21 ಅಷ್ಟೇ. ಹೊರಗೆ ಏನೂ ಕಾಣದಾಗ ಬರೀ ಮೀಟರ್‌ಗಳನ್ನು ನೋಡಿ ಹಾರಿಸುವ ಅರ್ಹತೆ ಅವರಿಗೆ ಇರಲಿಲ್ಲ. ಯಾರೂ ಉಳಿಯಲಿಲ್ಲ.

ಇದನ್ನು ಹಣೆಬರಹ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ. ಮಲಗೋಕೂ ಬಿಡದ ಹಾಗೆ ಊರೂರಿಗೆ ಓಡಿಸಿದರು, ಅಲ್ವಾ? ಕಾಕ್ರನ್ ಕೂಡ 1960ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಾಡಿ, ರಾತ್ರಿಯೇ ಟ್ಯಾಕ್ಸಿ ಹತ್ತಿದರು. ಅದು ದೀಪದ ಕಂಬಕ್ಕೆ ಗುದ್ದಿತು. ಮರುದಿನ ತೀರಿಕೊಂಡರು, 21ಕ್ಕೆ.

ನಮಗೂ ಹಾಗೇ ಆಗಬೇಕಿತ್ತು. ಒಂದು ಜಾತ್ರೆಯಲ್ಲಿ ರಸಮಂಜರಿ ಮುಗಿದಾಗ ರಾತ್ರಿ ಎರಡು ಗಂಟೆ. ಮರುದಿನ ಇನ್ನೊಂದೂರಲ್ಲಿ ಆರತಕ್ಷತೆ ಇತ್ತು, ಹೊರಟೆವು. ಡ್ರೈವರ್ ತೂಕಡಿಸಿದರು, ವ್ಯಾನು ಗದ್ದೆಗಿಳಿಯಿತು. ಕೀಬೋರ್ಡ್ ನುಡಿಸುವ ಗೆಳೆಯನ ಮಣಿಕಟ್ಟು ಮುರಿಯಿತು. ಆಮೇಲೆ ನಮ್ಮ ತಂಡ ಮುಗಿದಲ್ಲೇ ಮಲಗಿ, ಬೆಳಕು ಹರಿದ ಮೇಲೆ ಹೊರಡುತ್ತಿತ್ತು. ಕೆಲವು ಕಾರ್ಯಕ್ರಮ ಕೈಬಿಟ್ಟವು. ಹೋಗಲಿ. ನಿಮ್ಮ ಮಗ ನಾಳೆ ತಂಡ ಕಟ್ಟಿದರೆ ಇದೊಂದು ಮಾತು ಮೊದಲೇ ಆಡಿಕೊಳ್ಳಲಿ.

ಉತ್ತರ 2: ಎಲ್ಲವೂ ದಾರಿಯಲ್ಲಾದ ಸಾವಲ್ಲ. ಅದೇ ಕಾಲದ ಗಾಯಕ ಫ್ರಾಂಕಿ ಲೈಮನ್ 13ಕ್ಕೇ ಹೆಸರು ಮಾಡಿದ ಹುಡುಗ. 1968ರಲ್ಲಿ ಹೆರಾಯಿನ್‌ಗೆ ಬಲಿಯಾದಾಗ 25 ವರ್ಷ. ನನ್ನ ತಮ್ಮ ಕುಡಿತದಿಂದ ಹೋದ. ಮನೆಯಲ್ಲಿ ಮಕ್ಕಳಿಗೆ "ಮಾಮನಿಗೆ ಜ್ವರ ಬಂದಿತ್ತು" ಅಂತ ಹೇಳಿದೆವು. ದೊಡ್ಡವರಾದ ಮೇಲೆ ಹೊರಗಿನವರಿಂದ ತಿಳಿದು ತುಂಬಾ ನೊಂದುಕೊಂಡರು. ಅದಕ್ಕೇ ಲೈಮನ್ ಕತೆಯನ್ನೂ ಮುಚ್ಚಿಡದೆ ಹೇಳಿ.

ಉತ್ತರ 3: ನನ್ನ ಮಗಳು ಇದನ್ನೇ ಕೇಳಿದ್ದಳು. ನಾನು ಉತ್ತರ ಕೊಡೋಕೆ ಹೋಗದೆ ಅವಳ ಜೊತೆ ಕೂತು ವಾಲೆನ್ಸ್ ಹಾಡು ಕೇಳಿದೆ. ಅವರಿಗೆ ಹಾಡೋಕೆ ಸಿಕ್ಕಿದ್ದು ಸುಮಾರು ಎಂಟು ತಿಂಗಳು ಅಂತ ಅವಳೇ ಲೆಕ್ಕ ಹಾಕಿದಳು. ಮಾತು ತಾನಾಗಿ ಶುರುವಾಯಿತು. ಇವತ್ತು ಊಟ ಆದಮೇಲೆ ಅವನ ಕೋಣೆಗೇ ಹೋಗಿ ಕೂತುಕೊಳ್ಳಿ.