ಕಂಪ್ಯೂಟರ್ ಇದ್ದಮ್ಯಾಲ ಕಂಟ್ರೋಲರ್ ಯಾಕ್ ಬೇಕ್ರೀ?

ಪ್ರಶ್ನೆ (ಕಲಬುರಗಿ): ಸರಡಗಿ ವಿಮಾನ ನಿಲ್ದಾಣದ ಟವರ್ ನೋಡ್ದಾಗೆಲ್ಲ ಇದೇ ಅನುಮಾನ. ಲೆಕ್ಕ ಎಲ್ಲಾ ಕಂಪ್ಯೂಟರೇ ಮಾಡ್ತದಂದ್ರ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ಗ ಉಳಿದಿದ್ದೇನು?

ಉತ್ತರ: ಟವರ್ ಬೇರೆ, ಪರದೆ ನೋಡಿ ವಿಮಾನ ನಡೆಸುವ ರಾಡಾರ್ ಕೋಣೆ ಬೇರೆ. ಟವರ್‌ನಲ್ಲಿ ಕಣ್ಣೇ ಮೊದಲು. ನಿಮ್ಮ ಪ್ರಶ್ನೆ ರಾಡಾರ್ ಕೋಣೆಯದು. ಅಲ್ಲಿ ಎರಡು ವಿಮಾನಗಳ ನಡುವೆ ಎತ್ತರದಲ್ಲಿ 1000 ಅಡಿ, ಇಲ್ಲವೇ ಅಡ್ಡಕ್ಕೆ ಸಾಮಾನ್ಯವಾಗಿ 5 ನಾಟಿಕಲ್ ಮೈಲು (ಸುಮಾರು 9 ಕಿ.ಮೀ.) ಅಂತರ ಬೇಕು. ಎದುರುಬದುರು ಬರುವ ಎರಡು ಜೆಟ್‌ಗಳು ತಲಾ 450 ನಾಟ್ (ಗಂಟೆಗೆ 450 ನಾಟಿಕಲ್ ಮೈಲು) ವೇಗದಲ್ಲಿದ್ದರೆ ನಿಮಿಷಕ್ಕೆ 15 ನಾಟಿಕಲ್ ಮೈಲು ಹತ್ತಿರವಾಗುತ್ತವೆ. ಈ ಲೆಕ್ಕ, ಎಚ್ಚರಿಕೆ ಯಂತ್ರದ್ದು. ಯಾರನ್ನು ಏರಿಸಬೇಕು, ಯಾರನ್ನು ತಿರುಗಿಸಬೇಕು ಅನ್ನುವ ತೀರ್ಮಾನ ಮನುಷ್ಯನದು.

ಎಡವಟ್ಟಾಗುವುದು ಇವೆರಡರ ನಡುವಿನ ಸಂದಿಯಲ್ಲಿ. ಪೈಲಟ್‌ಗೆ 330 (ಅಂದರೆ 33,000 ಅಡಿ ಎತ್ತರ) ಅಂತ ಹೇಳಿ ಪರದೆಯಲ್ಲಿ 350 ಹಾಗೇ ಬಿಟ್ಟರೆ, ಮುಂದಿನ ಸಂಘರ್ಷ, ಅಂದರೆ ವಿಮಾನಗಳು ತೀರಾ ಹತ್ತಿರ ಬರುವುದನ್ನು, ಹುಡುಕುವ ಸಾಧನ ಸುಳ್ಳು ಎತ್ತರದ ಮೇಲೆ ಲೆಕ್ಕ ಹಾಕುತ್ತದೆ. ಅದಕ್ಕೇ ಬಾಯಲ್ಲಿ ಹೇಳುವಾಗಲೇ ಕೈ ಪರದೆಯಲ್ಲಿ ಎತ್ತರ ತುಂಬಬೇಕು, ಕಿವಿ ಪೈಲಟ್ ತಿರುಗಿ ಹೇಳುವುದನ್ನು ಅದಕ್ಕೆ ತಾಳೆ ಹಾಕಬೇಕು. ‘ಆಮೇಲೆ ತುಂಬಿದರಾಯ್ತು’ ಅನ್ನುವುದೇ ಕೆಟ್ಟ ಚಟ.

ಪ್ರಶ್ನೆ (ಬೀದರ್): ನಮ್ಮಲ್ಲಿ ಸೂರ್ಯಕಿರಣ ವಿಮಾನಗಳು ಅಂಟಿಕೊಂಡೇ ಹಾರ್ತಾವ. ಎಚ್ಚರಿಕಿ ಗಂಟಿ ಹೊಡಕೋತನೇ ಇರ್ತದೇನು?

ಉತ್ತರ: ಒಳ್ಳೇ ಪ್ರಶ್ನೆ! ಗುಂಪಾಗಿ ಹಾರುವಾಗ ಸಾಮಾನ್ಯವಾಗಿ ಮುಂದಾಳು ವಿಮಾನದ ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ಗುರುತು, ಎತ್ತರ ತಿಳಿಸುವ ಪೆಟ್ಟಿಗೆ) ಮಾತ್ರ ಉತ್ತರ ಕೊಡುತ್ತದೆ, ಇಡೀ ಗುಂಪು ಪರದೆಯಲ್ಲಿ ಒಂದೇ ಗುರುತು. ಬೇಕಾದ ಪ್ರದೇಶಕ್ಕೆ ಎಚ್ಚರಿಕೆಯನ್ನು ತಡೆಹಿಡಿಯಲೂ ಬರುತ್ತದೆ. ಆದರೆ ತಡೆಹಿಡಿದದ್ದು ಮುಂದಿನ ಪಾಳಿಯವರಿಗೆ ಗೊತ್ತಿರಲೇಬೇಕು. ಸುಳ್ಳು ಗಂಟೆ ಹೆಚ್ಚಾದರೆ ನಿಜವಾದದ್ದಕ್ಕೂ ಕೈ ನಿಧಾನವಾಗುತ್ತದೆ.

ಪ್ರಶ್ನೆ (ಯಾದಗಿರಿ): ಯಂತ್ರ ಒಂದು, ಕಂಟ್ರೋಲರ್ ಇನ್ನೊಂದು ಹೇಳಿದ್ರ ಪೈಲಟ್ ಯಾರ ಮಾತು ಕೇಳ್ಬೇಕು?

ಉತ್ತರ: ವಿಮಾನದೊಳಗಿನ ಡಿಕ್ಕಿ ತಪ್ಪಿಸುವ ಯಂತ್ರ ಟಿಕ್ಯಾಸ್ ‘ಏರು’, ‘ಇಳಿ’ ಅಂದರೆ ಅದರದೇ ಮಾತು. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗನ್ ಮೇಲೆ ರಷ್ಯಾದ ವಿಮಾನಕ್ಕೆ ಟಿಕ್ಯಾಸ್ ಏರಲು ಹೇಳಿತ್ತು, ಕಂಟ್ರೋಲರ್ ಇಳಿಯಲು. ಪೈಲಟ್‌ಗಳು ಇಳಿದರು. ಎದುರಿನ ಸರಕು ವಿಮಾನವೂ ತನ್ನ ಟಿಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. ಸತ್ತವರು 71. ತಪ್ಪನ್ನು ಕಂಟ್ರೋಲರ್ ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ: ದುರಸ್ತಿ ನಡೆದಿದ್ದರಿಂದ ಆ ಹೊತ್ತು ಪರದೆಯ ಸಂಘರ್ಷ ಎಚ್ಚರಿಕೆಯೇ ಇರಲಿಲ್ಲ, ಮುಖ್ಯ ಫೋನ್ ವ್ಯವಸ್ಥೆಯೂ ಬಂದ್ ಆಗಿತ್ತು, ಎರಡು ಪರದೆಗಳ ಮುಂದೆ ಇದ್ದವನು ಒಬ್ಬನೇ.

ಪೈಲಟ್ ‘ಟಿಕ್ಯಾಸ್ ಆರ್‌ಎ’ (ಟಿಕ್ಯಾಸ್ ಏರು ಇಲ್ಲವೇ ಇಳಿ ಅಂದಿದೆ) ಅಂದರೆ ಕಂಟ್ರೋಲರ್ ‘ರಾಜರ್’ (ಕೇಳಿಸಿತು) ಅನ್ನಬೇಕು, ಆ ವಿಮಾನದ ದಾರಿ ಬದಲಿಸುವ ಮಾತಾಡಬಾರದು. ಅಷ್ಟರಲ್ಲಿ ಸುತ್ತಲಿನವರಿಗೆ ಮಾಹಿತಿ ಕೊಡಬಹುದು. ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ (ಸಂಘರ್ಷ ತಪ್ಪಿತು) ಅಂತ ಹೇಳಿ ಪೈಲಟ್ ಹಳೇ ಎತ್ತರಕ್ಕೆ ಮರಳಿದ್ದನ್ನು ಕೇಳಿಸಿಕೊಂಡು ಒಪ್ಪಿದ ಮೇಲೆ ಅಂತರದ ಹೊಣೆ ಮತ್ತೆ ಕಂಟ್ರೋಲರ್ ಮೇಲೆ.